ಗುಲಾಬಿ ಹುಲಿಯ ಬೆನ್ನಿನ ಕೆಂಪು ಗೆರೆ

ನಮ್ಮಕ್ಕನ ಮುಂದೆ ಯಾರೂ ಕಥೆ ಹೇಳುವ ಹಾಗಿಲ್ಲ. ಕಾರ್ಡು ಹಿಡಿದುಕೊಂಡು ಬಂದವರು, "ಇದು ನಮ್ಮ ತಾತನ ಪೆಟ್ಟಿಗೆಯಲ್ಲಿ..." ಅಂತ ಬಾಯಿ ತೆಗೆದರೆ ಸಾಕು, ಸಂಚಾರಿ ಪೊಲೀಸಿನವರ ಹಾಗೆ ಎಡಗೈ ಎತ್ತಿಬಿಡುತ್ತಾಳೆ. "ಕಥೆ ಆಮೇಲೆ. ಮೊದಲು ಕಾರ್ಡ್ ಮಾತಾಡಲಿ." ಆಮೇಲೆ ಅಂದವಳು ಆಮೇಲೂ ಕೇಳುವುದಿಲ್ಲ ಅನ್ನುವುದು ಬೇರೆ ಮಾತು. ಒಡಹುಟ್ಟಿದ ನನಗೇ ಐವತ್ತೆಂಟು ವರ್ಷದಲ್ಲಿ ಒಂದು ಮಾತು ಪೂರ್ತಿ ಆಡಲು ಬಿಟ್ಟಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಬರೆಯುವಾಗ ಅವಳು ಕೈ ಎತ್ತಲಾರಳು.

ನನ್ನದು ಚೌಕಟ್ಟು ಕಟ್ಟುವ ಅಂಗಡಿ. ಮದುವೆ ಫೋಟೋ, ಪದವಿ ಪತ್ರ, ಮಕ್ಕಳು ಗೀಚಿದ ಚಿತ್ರ, ಏನು ತಂದರೂ ಗಾಜು ಹಾಕಿ ಕಟ್ಟಿಕೊಡುತ್ತೇನೆ. ಅಂಗಡಿಯಲ್ಲಿ ಒಳ್ಳೆ ಬೆಳಕು ಬೀಳುವ ಜಾಗ ಒಂದೇ, ಕಿಟಕಿ ಪಕ್ಕದ ಮೇಜು. ಅದು ನನ್ನದಾಗಿತ್ತು. ಎಂಟು ವರ್ಷದ ಹಿಂದೆ ಅಕ್ಕ ಕೆಲಸದಿಂದ ನಿವೃತ್ತಳಾಗಿ, "ಮನೇಲಿ ಕೂತು ಕೂತು ಬೇಜಾರು, ಒಂದೆರಡು ತಿಂಗಳು ಇಲ್ಲಿ ಕೂರ್ತೀನಿ" ಅಂತ ಬಂದಳು. ಇನ್ನೂ ಎದ್ದಿಲ್ಲ. ನಾನು ಗೋಡೆ ಕಡೆಗೆ ದೀಪ ಹಾಕಿಕೊಂಡು ಗಾಜು ಕತ್ತರಿಸುತ್ತೇನೆ, ಮಹಾರಾಣಿ ಕಿಟಕಿ ಬೆಳಕಲ್ಲಿ ವಿರಾಜಮಾನ.

ಅವಳು ಮಾಡುವುದೇನು ಅಂದರೆ, ಹಳೆಯ ಕಾರ್ಡುಗಳನ್ನು ನೋಡಿ ಅಸಲಿಯೋ ನಕಲಿಯೋ, ಏನು ಬೆಲೆ ಬಾಳುತ್ತದೆ ಅಂತ ಹೇಳುವುದು. ಬಿಸ್ಕತ್ ಪೊಟ್ಟಣದಲ್ಲಿ, ಚೂಯಿಂಗ್ ಗಮ್ಮಿನ ಹೊದಿಕೆಯಲ್ಲಿ ಬರುತ್ತಿದ್ದವಲ್ಲ, ಪ್ರಾಣಿಗಳದ್ದು, ಆಟಗಾರರದ್ದು, ರಾಕೆಟ್ಟುಗಳದ್ದು, ಅವೇ. ನಾವು ಚಿಕ್ಕವರಿದ್ದಾಗ ಅವನ್ನು ಗೆದ್ದು, ಸೋತು, ಕಿತ್ತಾಡಿ, ಕೊನೆಗೆ ಒಲೆಗೆ ಹಾಕಿಸಿಕೊಂಡವರು. ಈಗ ದೊಡ್ಡ ದೊಡ್ಡ ಸಂಬಳದವರು ಅವಕ್ಕಾಗಿ ಬಾಯಿ ಬಾಯಿ ಬಿಡುತ್ತಾರೆ. ಮೊದಲ ಸಲ ಒಂದು ಮೊಸಳೆ ಕಾರ್ಡಿಗೆ ಏನು ಬೆಲೆ ಅಂತ ಅಕ್ಕ ಹೇಳಿದಾಗ ನನ್ನ ಕೈಯಲ್ಲಿದ್ದ ಗಾಜು ಜಾರಿ ಚೂರಾಯಿತು. ಅಂಥ ಮೊಸಳೆ ನನ್ನ ಹತ್ತಿರ ಆರು ಇದ್ದವು. ಒಂದರ ಮೇಲೆ ಹಲ್ಲುಪುಡಿ ಇಟ್ಟುಕೊಳ್ಳುತ್ತಿದ್ದೆ.

ಅಕ್ಕನಿಗೆ ಈ ವಿದ್ಯೆ ಎಲ್ಲಿಂದ ಬಂತು ಅಂದರೆ, ಅವಳು ಹತ್ತೊಂಬತ್ತಕ್ಕೇ ಅಚ್ಚಿನ ಕಾರ್ಖಾನೆ ಸೇರಿದವಳು. ಸೋಪಿನ ಹೊದಿಕೆ, ಬೆಂಕಿಪೆಟ್ಟಿಗೆಯ ಚೀಟಿ, ಬಿಸ್ಕತ್ತಿನ ಕಾರ್ಡು ಎಲ್ಲ ಅಲ್ಲಿ ಅಚ್ಚಾಗುತ್ತಿತ್ತು. ಅವಳದು ತಪಾಸಣೆಯ ಮೇಜು. ಭೂತಗನ್ನಡಿ ಹಿಡಿದು ಹಾಳೆ ಹಾಳೆಯನ್ನೂ ನೋಡಬೇಕು, ತಪ್ಪಿದ್ದರೆ ಬೇರೆ ಇಡಬೇಕು. ಮೂವತ್ತಾರು ವರ್ಷ ಅದನ್ನೇ ಮಾಡಿದಳು. ಹಾಗೆ ಮಾಡಿ ಮಾಡಿ ಈಗ ಬಸ್ಸಿನ ಟಿಕೆಟ್ಟನ್ನೂ ಬೆಳಕಿಗೆ ಹಿಡಿದು ನೋಡುತ್ತಾಳೆ. ಊರಲ್ಲಿ ಎಲ್ಲರೂ ಅವಳನ್ನು ಕರೆಯುವುದು ಭೂತಗನ್ನಡಿ ಅಂತಲೇ. ಅವಳ ಬೆನ್ನ ಹಿಂದೆ ಮೊದಲ ಎರಡಕ್ಷರ ಮಾತ್ರ ಹೇಳುವವರೂ ಇದ್ದಾರೆ. ನಾನೂ ಒಬ್ಬಳು.

ಕಾರ್ಡು ಕೈಗೆ ಬಂದರೆ ಮೊದಲು ಮೂಸುತ್ತಾಳೆ. ಆಮೇಲೆ ಕಿವಿ ಹತ್ತಿರ ತಂದು ಮೂಲೆಯನ್ನು ಉಗುರಿನಿಂದ ಒಮ್ಮೆ ಮಿಡಿಯುತ್ತಾಳೆ. ಹಳೆಯ ರಟ್ಟು ಮಂದವಾಗಿ ಟಪ್ ಅನ್ನುತ್ತದಂತೆ, ಹೊಸದು ಟಿಕ್ ಅನ್ನುತ್ತದಂತೆ. ನನಗೆ ಎರಡೂ ಒಂದೇ ಥರ ಕೇಳುತ್ತದೆ. ಆಮೇಲೆ ಭೂತಗನ್ನಡಿ. ಅಚ್ಚಿನ ಚಿತ್ರ ಅಂದರೆ ಬರೀ ಚುಕ್ಕಿಗಳ ರಾಶಿ. ನೀಲಿ, ಗುಲಾಬಿ, ಹಳದಿ, ಕಪ್ಪು, ನಾಲ್ಕೇ ಬಣ್ಣ. ಹಳದಿ ಚುಕ್ಕಿಯ ಮೇಲೆ ಗುಲಾಬಿ ಚುಕ್ಕಿ ಬಿದ್ದರೆ ಕಿತ್ತಳೆ, ನೀಲಿ ಬಿದ್ದರೆ ಹಸಿರು. ಇತ್ತೀಚಿನ ನಕಲಿಗಳಲ್ಲಿ ಚುಕ್ಕಿ ಸಾಲಾಗಿ ಕೂತಿರುವುದಿಲ್ಲ, ಚೆಲ್ಲಿದ ಹಾಗೆ ಇರುತ್ತದೆ. ಅಷ್ಟು ಕಂಡರೆ ಸಾಕು, ಅವಳು ಕಾರ್ಡನ್ನು ತಿರುಗಿಸಿ ಮೇಜಿನ ಮೇಲಿಟ್ಟು ಕನ್ನಡಕ ತೆಗೆಯುತ್ತಾಳೆ. ಕನ್ನಡಕ ತೆಗೆದಳು ಅಂದರೆ ಬಂದವರ ಆಸೆ ಮುಗಿಯಿತು ಅಂತ ನನಗೆ ಗೋಡೆ ಕಡೆಯಿಂದಲೇ ಗೊತ್ತಾಗುತ್ತದೆ.

ಬರುವವರಾದರೂ ಎಂಥವರು! ಒಬ್ಬರು ಬ್ಯಾಂಕಿನವರು ತಂದದ್ದು ಎಲ್ಲೂ ಸಿಗದ ಆನೆ ಕಾರ್ಡು, ಮಧ್ಯೆ ಮಡಿಕೆ ಬಿದ್ದಿತ್ತು. ಮಡಿಕೆ ಹೋಗಲಿ ಅಂತ ಹೆಂಡತಿಯ ಸೀರೆ ಜೊತೆ ಅದಕ್ಕೂ ಇಸ್ತ್ರಿ ಹಾಕಿಬಿಟ್ಟಿದ್ದರು. ಮೇಲಿನ ಹೊಳಪೆಲ್ಲ ಕರಗಿ ಆನೆಗೆ ಗುಳ್ಳೆ ಎದ್ದಿತ್ತು. ಅಕ್ಕ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಆಮೇಲೆ, "ಸೀರೆ ಹೇಗಿದೆ?" ಅಂದಳು. ಅವರು, "ಸೀರೆ ಚೆನ್ನಾಗಿದೆ" ಅಂದರು. "ಹಾಗಾದ್ರೆ ಅದನ್ನಾದ್ರೂ ಜೋಪಾನ ಮಾಡಿ."

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮಕ್ಕ ತಪ್ಪು ಮಾಡುವವಳಲ್ಲ ಅಂತ ನಿಮಗೆ ತಿಳಿಯಲಿ ಅಂತ. ಅವಳಿಗಂತೂ ಅದು ಚೆನ್ನಾಗಿ ತಿಳಿದಿತ್ತು. ಆ ಜಂಭ ಎಲ್ಲಿಂದ ಶುರುವಾಯಿತೋ ಆ ಕಥೆ ನನಗೆ ಬಾಯಿಪಾಠ. ಬೇರೆಯವರ ಕಥೆಗೆ ಕೈ ಎತ್ತುವವಳು ತನ್ನ ಈ ಕಥೆಯನ್ನು ಮಾತ್ರ ಮನೆಗೆ ಬಂದ ಗ್ಯಾಸಿನವನಿಗೂ ಬಿಡದೆ ಹೇಳುತ್ತಾಳೆ.

ಕಥೆ ಇಷ್ಟು. ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು. ಇಪ್ಪತ್ತನಾಲ್ಕು ಪ್ರಾಣಿಗಳ ಹಾಳೆ ಅಚ್ಚಾಗುತ್ತಿತ್ತು. ಮೆಷಿನ್ನಿನಲ್ಲಿ ಹಳದಿ ಶಾಯಿ ಹರಿಯುವುದು ನಿಂತುಹೋಗಿದ್ದು ಯಾರೂ ನೋಡಿರಲಿಲ್ಲ. ಹುಲಿ ಗುಲಾಬಿ, ಸಿಂಹ ಗುಲಾಬಿ, ಗಿಣಿ ಅಚ್ಚ ನೀಲಿ, ಕಪ್ಪೆಯೂ ನೀಲಿ! ಹೊಸಬಳಾದ ಅಕ್ಕ ಓಡಿಹೋಗಿ ಮೆಷಿನ್ ನಿಲ್ಲಿಸಿದಳು. ಅಷ್ಟರಲ್ಲಿ ಮೂವತ್ತೇಳು ಹಾಳೆ ಕೆಟ್ಟಿದ್ದವು. ಒಂದೊಂದರ ಹಿಂಬದಿಗೂ ಕೆಂಪು ಮೇಣದ ಪೆನ್ಸಿಲಿನಲ್ಲಿ ಮೂಲೆಯಿಂದ ಮೂಲೆಗೆ ದೊಡ್ಡ ಕತ್ತರಿ ಗುರುತು ಹಾಕಿದಳು. ರದ್ದಾದ ಹಾಳೆಗಳನ್ನು ಕತ್ತರಿಸುವ ಯಂತ್ರಕ್ಕೆ ಹಾಕುವಾಗ ಇಬ್ಬರು ನಿಂತು ಎಣಿಸಬೇಕು, ಇಬ್ಬರೂ ದಫ್ತರಿನಲ್ಲಿ ಸಹಿ ಹಾಕಬೇಕು ಅನ್ನುವುದು ಅಲ್ಲಿನ ಕಟ್ಟುನಿಟ್ಟು. ಹಾಗೇ ಆಯಿತು. ಮಾರನೇ ದಿನ ಮ್ಯಾನೇಜರು ಎಲ್ಲರೆದುರು ಅವಳಿಗೆ ಒಂದು ಹಿತ್ತಾಳೆಯ ಭೂತಗನ್ನಡಿ ಕೊಟ್ಟರು. ಇವತ್ತಿಗೂ ಅದೇ ಅವಳ ಕೈಯಲ್ಲಿರುವುದು. "ಒಂದೇ ಒಂದು ಗುಲಾಬಿ ಹುಲಿ ಗೇಟು ದಾಟಿ ಹೊರಗೆ ಹೋಗಲಿಲ್ಲ" ಅಂತ ಕಥೆ ಮುಗಿಯುತ್ತದೆ. ಆಗ ಕೇಳಿದವರು ಭೇಷ್ ಅನ್ನಬೇಕು.

ಕಳೆದ ವರ್ಷ ಒಂದು ಬೆಳಿಗ್ಗೆ ಹೆಂಗಸೊಬ್ಬಳು ಬಂದಳು. ಐವತ್ತರ ಆಸುಪಾಸು, ಗಟ್ಟಿಮುಟ್ಟು ತೋಳು, ಮುಂಗೈ ಮೇಲೆ ಹಳೆಯ ಸುಟ್ಟ ಕಲೆ. ತೆಳ್ಳನೆ ನೀಲಿ ಕಾಗದದಲ್ಲಿ ಸುತ್ತಿ ಪಿನ್ನು ಚುಚ್ಚಿದ ಪೊಟ್ಟಣ ಮೇಜಿನ ಮೇಲಿಟ್ಟಳು. ಒಳಗೆ ಒಂದೇ ಕಾರ್ಡು. ನಾನು ಕತ್ತು ಚಾಚಿ ನೋಡಿದೆ. ಗುಲಾಬಿ ಹುಲಿ!

"ಇದು ನಮ್ಮಪ್ಪ ನನಗೆ..." ಅಂತ ಅವಳು ಶುರು ಮಾಡಿದಳು. ಅಕ್ಕನ ಕೈ ಮೇಲೇರಿತು.

"ಮಾರೋಕಲ್ಲ ಅಮ್ಮ. ಅಸಲಿಯಾ ಅಂತ ಗೊತ್ತಾದ್ರೆ ಸಾಕು. ಅಪ್ಪ ಹೇಳ್ತಿದ್ರು, ಇದು ಕಾರ್ಖಾನೆಯಲ್ಲೇ..."

"ಕಥೆ ಆಮೇಲೆ."

ಆಕೆ ಬಾಯಿ ಮುಚ್ಚಿಕೊಂಡು ಸ್ಟೂಲಿನ ತುದಿಯಲ್ಲಿ ಕೂತಳು. ಅಕ್ಕ ಮೂಸಿದಳು, ಮಿಡಿದಳು, ಗಾಜು ಹಿಡಿದಳು. ಸಾಮಾನ್ಯವಾಗಿ ಎರಡು ನಿಮಿಷದ ಕೆಲಸ. ಅವತ್ತು ಹದಿನೈದು ನಿಮಿಷ ನೋಡಿದಳು. ಅವಳ ಕಿವಿ ಕೆಂಪಾಗಿತ್ತು. ನೋಡಿದ್ದನ್ನೆಲ್ಲ ಎಂದಿನಂತೆ ತನ್ನ ಉದ್ದನೆಯ ಪುಸ್ತಕದಲ್ಲಿ ಬರೆದಳು. ಬಂದವರ ಹೆಸರು ಅವಳು ಯಾವತ್ತೂ ಬರೆಯುವುದಿಲ್ಲ, ಕಾರ್ಡಿನ ಲಕ್ಷಣ ಮಾತ್ರ. ಕನ್ನಡಕ ತೆಗೆದಳು.

"ನಕಲಿ" ಅಂದಳು. "ಅಂಚು ನೋಡಿ, ಕತ್ತರಿಯಲ್ಲಿ ಕತ್ತರಿಸಿದ್ದು, ಸೊಟ್ಟ ಸೊಟ್ಟ. ಕಾರ್ಖಾನೆ ಕಾರ್ಡಿನ ಹಿಂದೆ ಪ್ರಾಣಿಯ ವಿವರ ಅಚ್ಚಾಗಿರುತ್ತೆ. ಇದರ ಹಿಂದೆ ಯಾರೋ ಪೆನ್ನಲ್ಲಿ ಏನೋ ಬರೆದಿದ್ದಾರೆ, ಕೆಂಪು ಗೀಚು ಬೇರೆ. ಹಳದಿ ಇಲ್ಲದ ಹಾಳೆ ಒಂದೂ ಹೊರಗೆ ಹೋಗಿಲ್ಲ. ಅದು ನನಗೆ ಗೊತ್ತು, ನಾನೇ ಅಲ್ಲಿದ್ದೆ. ಇದನ್ನ ಯಾರೋ ಬಿಸಿಲಿಗಿಟ್ಟೋ, ಯಾವುದೋ ದ್ರಾವಣದಲ್ಲಿ ಅದ್ದಿಯೋ ಬಣ್ಣ ತೆಗೆದಿದ್ದಾರೆ."

ಆಕೆ ಕಾರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. "ಹಾಗಾದ್ರೆ ನಮ್ಮಪ್ಪ ಸುಳ್ಳು ಹೇಳಿದ್ರು" ಅಂದಳು. "ನಮ್ಮತ್ತೆ ಮಗಳು ಯಾವಾಗಲೂ ಹಾಗೇ ಹೇಳ್ತಾಳೆ. ನಾನು ಅವಳ ಜೊತೆ ಜಗಳ ಆಡಿ ಮಾತು ಬಿಟ್ಟು ಆರು ವರ್ಷ ಆಯ್ತು." ಪೊಟ್ಟಣ ಕಟ್ಟಿ, ಹಣ ಮೇಜಿನ ಮೇಲಿಟ್ಟು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು. ಧಡಾರನೆ ಹಾಕಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

"ಅಷ್ಟು ಕಡ್ಡಿ ಮುರಿದ ಹಾಗೆ ಹೇಳ್ಬೇಕಿತ್ತೇನೇ?" ಅಂದೆ.

"ಇರೋದನ್ನ ಹೇಳಿದೆ" ಅಂದಳು ಅಕ್ಕ. ಆದರೆ ಮಧ್ಯಾಹ್ನ ಊಟ ಅರ್ಧಕ್ಕೇ ಬಿಟ್ಟಳು. ನಮ್ಮಕ್ಕ ಭೂಕಂಪ ಆದರೂ ಊಟ ಬಿಡುವವಳಲ್ಲ.

ಮೂರು ದಿನ ಕಳೆಯಿತು. ನಾನು ಒಂದು ದೊಡ್ಡ ಗಾಜಿನ ಮೇಲೆ ಅಳತೆ ಗುರುತು ಹಾಕುತ್ತಿದ್ದೆ. ಗಾಜಿನ ಮೇಲೆ ಮಾಮೂಲಿ ಪೆನ್ಸಿಲ್ ಹತ್ತುವುದಿಲ್ಲ, ಕೆಂಪು ಮೇಣದ ಪೆನ್ಸಿಲ್ ಬೇಕು. ಗೆರೆ ಎಳೆದೆ, ಅಳತೆ ತಪ್ಪಾಯಿತು, ಸರಿಯಾದದ್ದನ್ನು ಪೆನ್ನಲ್ಲಿ ಗೆರೆಯ ಮೇಲೇ ಬರೆಯಲು ಹೋದೆ. ಮೇಣದ ಮೇಲೆ ಪೆನ್ನು ಜಾರಿತು, ಅಂಕಿ ಮೂಡಲೇ ಇಲ್ಲ. "ಥೂ, ಈ ಮೇಣದ ಮೇಲೆ ಶಾಯಿ ಹಿಡಿಯೋದೇ ಇಲ್ಲ" ಅಂತ ಗೊಣಗಿದೆ.

ಹಿಂದೆ ಕುರ್ಚಿ ಬಿದ್ದ ಸದ್ದಾಯಿತು. ಅಕ್ಕ ಎದ್ದು ನಿಂತಿದ್ದಳು.

"ಏನಂದೆ? ಇನ್ನೊಂದ್ಸಲ ಹೇಳು."

ನನ್ನ ಜೀವಮಾನದಲ್ಲಿ ಅವಳು ನನಗೆ 'ಇನ್ನೊಂದ್ಸಲ ಹೇಳು' ಅಂದದ್ದು ಅದೇ ಮೊದಲು. ನಾನು ಕಕ್ಕಾಬಿಕ್ಕಿಯಾಗಿ ಮತ್ತೆ ಹೇಳಿದೆ. ಅವಳು ಪುಸ್ತಕ ತೆಗೆದು ಹುಲಿಯ ಪುಟ ತಿರುವಿದಳು. ಅವಳದೇ ಅಕ್ಷರದಲ್ಲಿ ಬರೆದಿತ್ತು: 'ಹಳದಿ ಚುಕ್ಕಿ ಒಂದೂ ಇಲ್ಲ. ಮಿಕ್ಕ ಮೂರು ಬಣ್ಣ ಗಾಢ, ಮಾಸಿಲ್ಲ. ಹಿಂಬದಿ ಕೆಂಪು ಗೆರೆ, ಓರೆ, ಅಗಲ, ಜಿಡ್ಡು. ಪೆನ್ನಿನ ಅಕ್ಷರ ಗೆರೆ ದಾಟುವಲ್ಲಿ ಮುರಿದಿದೆ.'

"ಮುರಿದಿದೆ ಅಂತ ನಾನೇ ಬರೆದಿದ್ದೀನಲ್ಲೇ!" ಅಂದಳು. "ಗೆರೆ ಮೊದಲು, ಅಕ್ಷರ ಆಮೇಲೆ. ಆಮೇಲೆ ಯಾರೋ ಗೀಚಿದ್ದಲ್ಲ. ಬಿಸಿಲಿಗೆ ಹೋದ ಬಣ್ಣ ಆಗಿದ್ರೆ ಗುಲಾಬಿನೂ ಮಾಸಬೇಕಿತ್ತು, ಅಲ್ಲೊಂದು ಇಲ್ಲೊಂದು ಹಳದಿ ಚುಕ್ಕಿ ಉಳೀಬೇಕಿತ್ತು. ಎಲ್ಲಾ ಕಂಡಿತ್ತು. ಕಂಡದ್ದನ್ನ ಬರೆದೂ ಬರೆದೆ. ಬರೆದು ನಕಲಿ ಅಂದೆ. ಆ ಗೆರೆ ನನ್ನದು ಕಣೇ. ನನ್ನ ಕೈಯದು."

"ಅದು ಹೇಗೆ ಸಾಧ್ಯ? ಮೂವತ್ತೇಳನ್ನೂ ಎದುರಿಗೆ ನಿಂತು ಕತ್ತರಿಸಿದ್ದಲ್ವಾ?"

ಅಕ್ಕ ನೆಲ ನೋಡಿದಳು. ಅವಳು ನೆಲ ನೋಡುವವಳಲ್ಲ.

"ನಾನು ಎದುರಿಗೆ ನಿಂತಿರಲಿಲ್ಲ. ಟೀ ಗಂಟೆ ಹೊಡೀತು. ಮೆಷಿನ್ನಿನವನು, 'ನೀನು ಹೋಗಿ ಬಾ ತಂಗಿ, ನಾನು ಹಾಕ್ತೀನಿ' ಅಂದ. ಅವತ್ತು ಬನ್ನು ಬಿಸಿ ಬಿಸಿ ಬರೋ ದಿನ. ಹೋದೆ. ಬಂದು ಎಣಿಸದೇ ಸಹಿ ಹಾಕಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತಮೂರು ವರ್ಷ ನನ್ನ ಕಿವಿ ತೂತು ಮಾಡಿದ ಕಥೆ! ನನ್ನ ಮದುವೆ ದಿನವೂ ಹೇಳಿದ ಕಥೆ! ಅದರಲ್ಲಿ ಟೀ ಎಲ್ಲಿತ್ತು, ಬನ್ನು ಎಲ್ಲಿತ್ತು? ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಒಂದು ಸಲವೂ ಕೈ ಎತ್ತಲಿಲ್ಲ. ಕೊನೆಗೆ ನನಗೇ ಕರುಳು ಚುರುಕ್ ಅಂದಿತು.

"ಈಗೇನು ಮಾಡೋದು?" ಅಂದೆ.

"ಹುಡುಕೋದು. ಆಯಮ್ಮ ಅಪ್ಪ ಸುಳ್ಳುಗಾರ ಅಂದ್ಕೊಂಡು ಕೂತಿದ್ದಾಳೆ. ಆ ಕಾರ್ಡನ್ನ ಇಷ್ಟು ಹೊತ್ತಿಗೆ ಏನು ಮಾಡಿದ್ದಾಳೋ."

ಹುಡುಕುವುದು ಹೇಗೆ? ಹೆಸರಿಲ್ಲ, ವಿಳಾಸವಿಲ್ಲ. ಆದರೆ ಪುಸ್ತಕದಲ್ಲಿ ಮೇಲುಗಡೆ ಇನ್ನೂ ಒಂದು ಸಾಲಿತ್ತು: 'ಸುತ್ತಿದ ಕಾಗದ ನೀಲಿ, ತೆಳು. ಗಂಜಿ ವಾಸನೆ.' ಮುಂಗೈ ಮೇಲಿನ ಕಲೆ ನನಗೆ ನೆನಪಾಯಿತು. ಪಿನ್ನೂ ನೆನಪಾಯಿತು. "ಲಾಂಡ್ರಿ!" ಅಂತ ಇಬ್ಬರೂ ಒಟ್ಟಿಗೇ ಕೂಗಿದೆವು. ಅಂಗಡಿಗೆ ಬಂದಿದ್ದ ಗಿರಾಕಿ ಹೆದರಿ ಹಿಂದೆ ಸರಿದರು.

ನಮ್ಮ ಕಡೆ ಲಾಂಡ್ರಿಗಳು ಮೂರಿವೆ. ಮೊದಲನೆಯದರಲ್ಲಿ ಸುತ್ತುವ ಕಾಗದ ಬಿಳಿ. ಎರಡನೆಯದರಲ್ಲಿ ಕಾಗದವೇ ಇಲ್ಲ, ಪ್ಲಾಸ್ಟಿಕ್ಕು. ಅಲ್ಲಿಯ ಯಜಮಾನ ನಾವು ಕಳೆದುಹೋದ ಹೊದಿಕೆಯ ದೂರು ತಂದವರು ಅಂದುಕೊಂಡು ಒಳಗೆ ಹೋದವನು ಹೊರಗೇ ಬರಲಿಲ್ಲ. ಮೂರನೆಯದು ಸೇತುವೆ ಆಚೆ. ಬಸ್ಸು ಹಿಡಿದು, ಇಳಿದು, ಏರು ರಸ್ತೆ. ನನ್ನ ಮಂಡಿ ನನಗೆ ಶಾಪ ಹಾಕುತ್ತಿತ್ತು. ಅಕ್ಕ ಮುಂದೆ ಮುಂದೆ ದಾಪುಗಾಲು. ಇವಳು ಟೀ ಕುಡಿಯಲು ಹೋದದ್ದಕ್ಕೆ ಪ್ರಾಯಶ್ಚಿತ್ತ ನನ್ನ ಮಂಡಿಗೆ.

ಒಳಗೆ ಕಾಲಿಟ್ಟರೆ ಹಬೆಯೋ ಹಬೆ. ಸಾಲಾಗಿ ತೂಗುಹಾಕಿದ ಬಿಳಿ ಅಂಗಿಗಳ ಹಿಂದೆ, ಬಾಗಿಲಿನಷ್ಟು ಅಗಲದ ಇಸ್ತ್ರಿ ಯಂತ್ರದ ಹತ್ತಿರ ಆಕೆಯೇ ನಿಂತಿದ್ದಳು. ಪಕ್ಕದ ಹಲಗೆಯ ಮೇಲೆ ನೀಲಿ ಕಾಗದದ ಕಟ್ಟು. ನಮ್ಮನ್ನು ನೋಡಿ ಮುಖ ಗಂಟಿಕ್ಕಿದಳು.

"ದುಡ್ಡು ಕಮ್ಮಿ ಆಯ್ತಾ?" ಅಂದಳು.

ಅಕ್ಕ ತಾನು ಪಡೆದಿದ್ದ ಹಣವನ್ನು ಹಲಗೆಯ ಮೇಲಿಟ್ಟಳು. "ನಾನು ಹೇಳಿದ್ದು ತಪ್ಪು" ಅಂದಳು. "ನಿಮ್ಮ ಹುಲಿ ಅಸಲಿ. ಅದನ್ನ... ಇನ್ನೂ ಇಟ್ಟಿದ್ದೀರಾ?"

ಆಕೆ ಯಂತ್ರದ ಗುಂಡಿ ಒತ್ತಿದಳು. ಹಬೆ ನಿಂತಿತು. "ಬಾಯ್ಲರಿಗೆ ಹಾಕೋಣ ಅಂತ ಬಾಗಿಲು ತೆಗೆದೂ ಆಗಿತ್ತು. ಕೈ ಬರಲಿಲ್ಲ. ಮೇಲೆ ಮನೇಲಿದೆ. ಆದ್ರೆ ಮೂರು ದಿನಕ್ಕೊಂದು ಮಾತು ಬದಲಾಯಿಸೋರನ್ನ ನಾನು ಹೇಗೆ ನಂಬೋದು?"

ಸರಿಯಾಗಿ ಕೇಳಿದಳು. ನಾನಾಗಿದ್ದರೂ ಹಾಗೇ ಕೇಳುತ್ತಿದ್ದೆ.

"ನಂಬಬೇಡಿ" ಅಂದಳು ಅಕ್ಕ. "ನಿಮ್ಮಪ್ಪನ ಕಥೆ ಹೇಳಿ. ಅವತ್ತು ನಾನು ಕೇಳಲಿಲ್ಲ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಪ್ಪ ಅಚ್ಚಿನ ಕಾರ್ಖಾನೆಯಲ್ಲಿ ಮೆಷಿನ್ ನೋಡ್ಕೊಳ್ತಿದ್ರು. ನನಗೆ ಏಳು ವರ್ಷ. ಕಾಲು ಮುರಿದು ಎರಡು ತಿಂಗಳು ಹಾಸಿಗೆ ಮೇಲಿದ್ದೆ. ಓರಗೆಯವರೆಲ್ಲ ಕಾರ್ಡ್ ಸೇರಿಸೋರು. ನಮ್ಮನೇಲಿ ಬಿಸ್ಕತ್ ತರೋ ತಾಕತ್ತಿರಲಿಲ್ಲ. ಒಂದಿನ ಅಪ್ಪ ಒಂದು ಹಾಳೆನ ಅಂಗಿ ಒಳಗೆ ಬೆನ್ನಿಗೆ ಕಟ್ಕೊಂಡು ಬಂದ್ರು. ಕೂತು ಕತ್ತರಿಸಿ ಕೊಟ್ರು. ಪ್ರಪಂಚದಲ್ಲಿ ಯಾರ ಹತ್ರಾನೂ ಗುಲಾಬಿ ಹುಲಿ ಇಲ್ಲ ಮಗಳೇ, ಅಂದ್ರು." ಆಕೆಯ ಮುಖದಲ್ಲಿ ಸಣ್ಣ ನಗು ಬಂತು. "ಹಾಳೆ ಹೇಗೆ ಸಿಕ್ತು ಅಂತ ಕೇಳಿದ್ರೆ ಯಾವಾಗಲೂ ಒಂದೇ ಮಾತು. ತಪಾಸಣೆಗೆ ಒಬ್ಬಳು ಹೊಸ ಹುಡುಗಿ ಬಂದಿದ್ದಾಳೆ, ಹದ್ದಿನ ಕಣ್ಣು, ಆದ್ರೆ ಬಿಸಿ ಬನ್ನು ಬಂತು ಅಂದ್ರೆ ಲೋಕವೇ ಬೇಡ. ಅವಳು ಬನ್ನಿಗೆ ಓಡಿದಳು, ನಿನಗೆ ಹುಲಿ ಬಂತು, ಅಂತ."

ನಾನು ಅಕ್ಕನ ಮುಖ ನೋಡಿದೆ. ಆ ಕಥೆಯನ್ನು ಅವತ್ತೇ ಎರಡು ನಿಮಿಷ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಅದರೊಳಗೆ ಅವಳೇ ಇದ್ದಳಲ್ಲ.

"ಆ ಹುಡುಗಿ ಇವಳೇ" ಅಂದೆ ನಾನು. "ಈಗಲೂ ಅಷ್ಟೇ, ಬನ್ನು ಅಂದ್ರೆ ಪ್ರಾಣ."

ಆಕೆ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಅಲ್ಲೇ ಇದ್ದ ಯಾರದೋ ಬಿಳಿ ಅಂಗಿಯ ತೋಳಿನಲ್ಲಿ ಒರೆಸಿಕೊಂಡಳು. ಅಕ್ಕನೂ ಅಳುತ್ತಿದ್ದಳು. ನಾನು ಅಳಲಿಲ್ಲ, ನನಗೆ ಹಬೆಗೆ ಕಣ್ಣು ಉರಿಯುತ್ತಿತ್ತು, ಅಷ್ಟೆ.

ಮೇಲಿನ ಮನೆ ಒಂದೇ ಕೋಣೆ, ಕನ್ನಡಿಯ ಹಾಗೆ ಚೊಕ್ಕಟ. ಗೋಡೆಯಲ್ಲಿ ಒಂದು ಮೊಳೆ ಖಾಲಿಯಿತ್ತು. ಕಪಾಟಿನ ಮೇಲೆ ಒಂದು ಪಟ ಮುಖ ಕೆಳಗೆ ಮಾಡಿ ಮಲಗಿತ್ತು. ಆಕೆ ಮೂರು ದಿನದಿಂದ ಅಪ್ಪನ ಮೇಲೆ ಮುನಿಸಿಕೊಂಡಿದ್ದಾಳೆ ಅಂತ ನನಗೆ ತಿಳಿಯಿತು.

ಬಿಸ್ಕತ್ತಿನ ತಗಡಿನ ಡಬ್ಬಿಯಿಂದ ಕಾರ್ಡುಗಳು ಬಂದವು. ಇಪ್ಪತ್ತಮೂರು ಇದ್ದವು. ಅಕ್ಕ ಮೊದಲು ಅವನ್ನು ಮೇಲ್ಮುಖವಾಗಿ ಹಾಸಿಗೆಯ ಮೇಲೆ ಜೋಡಿಸಿದಳು, ಸಾಲಿಗೆ ಆರರಂತೆ ನಾಲ್ಕು ಸಾಲು. ಹಾಳೆಯಲ್ಲಿ ಯಾವ ಪ್ರಾಣಿಯ ಪಕ್ಕ ಯಾವುದು ಅಂತ ಅವಳಿಗೆ ನಲವತ್ತಮೂರು ವರ್ಷವಾದರೂ ಮರೆತಿರಲಿಲ್ಲ. ಒಂದು ಜಾಗ ಖಾಲಿ ಉಳಿಯಿತು.

"ಗಿಣಿ ಎಲ್ಲಿ?" ಅಂದಳು.

"ಅಪ್ಪನ ಜೇಬಲ್ಲಿ ಕಳಿಸಿದೆ" ಅಂದಳು ಆಕೆ. "ಕೊನೆಗೆ ಹೊರಡುವಾಗ ಒಬ್ಬರೇ ಹೋಗ್ತಾರಲ್ಲ ಅಂತ."

ಅಕ್ಕ ಒಂದೊಂದೇ ಕಾರ್ಡನ್ನು ತಿರುಗಿಸಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಡುತ್ತ ಬಂದಳು. ಕೆಲವುಗಳ ಹಿಂದೆ ಗೆರೆಯಿಲ್ಲ, ಕೆಲವುಗಳಲ್ಲಿ ಮೂಲೆಗೊಂದು ಚೂರು. ಹಿಂಬದಿಯೆಲ್ಲ ಅಪ್ಪನ ಅಕ್ಷರ. ಹಿಂಬದಿ ಅಚ್ಚಾಗುವ ಮೊದಲೇ ರದ್ದಾದ ಹಾಳೆ, ಅಚ್ಚಿನ ವಿವರ ಇರಲಿಲ್ಲವಲ್ಲ, ಅವರೇ ಬರೆದುಕೊಟ್ಟಿದ್ದರು. 'ಆನೆ. ಏನೂ ಮರೆಯೋದಿಲ್ಲ, ನಿಮ್ಮಮ್ಮನ ಹಾಗೆ.' 'ಕಪ್ಪೆ. ಕಾಲು ಗಟ್ಟಿ. ನಿನ್ನದೂ ಆಗುತ್ತೆ.' 'ಹುಲಿ. ಸಿಟ್ಟು ಜಾಸ್ತಿ. ಮನೆಯವರ ಮೇಲೆ ತೋರಿಸೋದಿಲ್ಲ.'

ಕೊನೆಯ ಕಾರ್ಡು ಇಟ್ಟಾಗ ಮೂಲೆಯಿಂದ ಮೂಲೆಗೆ ಎರಡು ಕೆಂಪು ಗೆರೆ ಒಂದನ್ನೊಂದು ದಾಟಿ ನಿಂತವು. ದೊಡ್ಡ ಕತ್ತರಿ ಗುರುತು. ಗಿಣಿ ಇದ್ದ ಮೂಲೆಯಲ್ಲಿ ಮಾತ್ರ ಒಂದು ತುಂಡು ಇಲ್ಲ. ಅಕ್ಕ ನನ್ನ ಚೀಲದಿಂದ ಗಾಜಿನ ಪೆನ್ಸಿಲ್ ತೆಗೆದು ಒಂದು ನೀಲಿ ಕಾಗದದ ಮೇಲೆ ಅದೇ ಗುರುತು ಹಾಕಿ ಪಕ್ಕದಲ್ಲಿಟ್ಟಳು. ಒಂದು ಗೆರೆ ಕೆಳಗೆ ಬರುತ್ತ ಬಲಕ್ಕೆ ಸ್ವಲ್ಪ ಬಳುಕುತ್ತದೆ, ಎರಡರಲ್ಲೂ. ಅದು ಅವಳ ಕೈ. ಮನೆ ಲೆಕ್ಕದಲ್ಲಿ, ಕ್ಯಾಲೆಂಡರಿನಲ್ಲಿ ನಾನು ದಿನಾ ನೋಡುವ ಕೈ.

"ನಿಮ್ಮಪ್ಪ ಒಂದಕ್ಷರ ಸುಳ್ಳು ಹೇಳಿಲ್ಲ" ಅಂದಳು ಅಕ್ಕ. "ದಫ್ತರಿನಲ್ಲಿ ಸುಳ್ಳು ಬರೆದವಳು ನಾನು. ಮೂವತ್ತೇಳು ಅಂತ ಸಹಿ ಹಾಕಿದೆ. ಅಲ್ಲಿದ್ದದ್ದು ಮೂವತ್ತಾರು."

"ಹಾಗಾದ್ರೆ ಅಪ್ಪ ಕದ್ದ ಹಾಗಾಯ್ತಾ?" ಆಕೆ ಸ್ವಲ್ಪ ಅಳುಕಿ ಕೇಳಿದಳು.

"ರದ್ದಿ ಹಾಳೆ. ಕಳ್ಳತನ ಅನ್ನೋದಾದ್ರೆ ನಾನೂ ಪಾಲುದಾರಳೇ, ಸಹಿ ಇದೆ."

ಆಕೆ ಎದ್ದು, ಕಪಾಟಿನ ಮೇಲಿನ ಪಟ ತೆಗೆದು, ಗಾಜನ್ನು ಅಂಗೈಯಲ್ಲಿ ಒರೆಸಿ ಮೊಳೆಗೆ ಹಾಕಿದಳು. ಮೀಸೆಯ, ದೊಡ್ಡ ಕಿವಿಯ ಮನುಷ್ಯ. ಪಟ ಸ್ವಲ್ಪ ವಾಲಿತ್ತು. ಯಾರು ಕಟ್ಟಿದ್ದೋ, ಹುಕ್ಕು ಮಧ್ಯಕ್ಕಿರಲಿಲ್ಲ. ನನ್ನ ಕೈ ಸುಮ್ಮನಿರದೆ ಅದನ್ನು ಸರಿ ಮಾಡಿತು.

ಆ ಕಾರ್ಡುಗಳನ್ನು ನಾನೇ ಕಟ್ಟಿಕೊಟ್ಟೆ, ಎರಡು ಗಾಜಿನ ನಡುವೆ, ಎರಡೂ ಕಡೆ ಕಾಣುವ ಹಾಗೆ, ಗಿಣಿಯ ಜಾಗ ಖಾಲಿ ಬಿಟ್ಟು. ಅದು ಈಗ ಲಾಂಡ್ರಿಯ ಕಿಟಕಿಯಲ್ಲಿ ತೂಗುತ್ತದೆ. ರಸ್ತೆಯ ಕಡೆಗೆ ಗುಲಾಬಿ ಹುಲಿ, ಒಳಗಿನವರ ಕಡೆಗೆ ಅಪ್ಪನ ಅಕ್ಷರ. ಅದಕ್ಕೆ ಅಕ್ಕ ಬರೆದುಕೊಟ್ಟ ಚೀಟಿ ಕೆಳಗೇ ಇದೆ: 'ಅಸಲಿ. ಸ್ಥಿತಿ: ಕತ್ತರಿಯ ಅಂಚು, ಹಿಂಬದಿ ಗೀಚು, ಒಂದು ಕಾಣೆ. ಬೆಲೆ: ಕಟ್ಟಲು ಬರುವುದಿಲ್ಲ, ಕಟ್ಟುವವಳು ಪಕ್ಷಪಾತಿ.' ಮಾತು ಬಿಟ್ಟಿದ್ದ ಅತ್ತೆ ಮಗಳು ಒಂದು ದಿನ ಹೊದಿಕೆ ಒಗೆಯಲು ಕೊಡುವ ನೆಪದಲ್ಲಿ ಬಂದು, ಕಿಟಕಿ ಮುಂದೆ ಅರ್ಧ ಗಂಟೆ ನಿಂತಿದ್ದಳಂತೆ. ಆಮೇಲೆ ಇಬ್ಬರೂ ಒಟ್ಟಿಗೆ ಊಟ ಮಾಡಿದರಂತೆ.

ನಮ್ಮಕ್ಕನ ಕಥೆಯೂ ಬದಲಾಗಿದೆ. ಈಗ ಅದರಲ್ಲಿ ಟೀ ಗಂಟೆ ಇದೆ, ಬಿಸಿ ಬನ್ನಿದೆ, ಮೊದಲಿಗಿಂತ ಉದ್ದವಾಗಿದೆ, ನನ್ನ ಕರ್ಮ. ಮೊನ್ನೆ ಒಬ್ಬರು ಮುದುಕರು ಬಂದರು, ಕೈಯಲ್ಲಿ ಒಂದು ಮೊಸಳೆ. "ಇದು ನನ್ನ ತಮ್ಮ ನನಗೆ..." ಅಂತ ಶುರು ಮಾಡಿದರು. ಅಕ್ಕನ ಎಡಗೈ ಅಭ್ಯಾಸದಂತೆ ಮೇಲೇರಿತು. ಅರ್ಧಕ್ಕೆ ನಿಂತಿತು. ಆ ಕೈಯಲ್ಲೇ ಸ್ಟೂಲು ತೋರಿಸಿ, "ಕೂತ್ಕೊಂಡು ಹೇಳಿ" ಅಂದಳು.